ಹಸಿರು ಬಣ್ಣ ಬಂದರೆ ಸಾಕೆ?

ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಸಮೀಪಿಸಿತೆಂದರೆ ಪಾಲಕರು ನಮ್ಮಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಫಾದರ್, ಆ ಶಾಲೆಯಲ್ಲಿ ಸ್ಮಾರ್ಟ್ ಕ್ಲಾಸ್ ಇದೆಯೇ?" ಅಲ್ಲಿ ಪಾಠ ಹೇಳುವವರು ಯಾರು, ಒಂದು ತರಗತಿಯಲ್ಲಿ ಎಷ್ಟು ಮಂದಿ ಮಕ್ಕಳಿದ್ದಾರೆ ಎಂದು ವಿಚಾರಿಸುವವರು ವಿರಳ.

ಕೆಲವು ತಿಂಗಳುಗಳ ಹಿಂದೆ ಶಾಲೆಯೊಂದರ ನಾಲ್ಕನೆಯ ತರಗತಿಯಲ್ಲಿ ಕುಳಿತು ನೋಡುವ ಅವಕಾಶ ನಮಗೆ ಒದಗಿತು. ಗೋಡೆಯ ಪರದೆಯ ಮೇಲೆ ಗಣಿತದ ಆಟ ನಡೆದಿತ್ತು. ಸರಿಯುತ್ತರವನ್ನು ಮುಟ್ಟಿದರೆ ಹಸಿರು ಬಣ್ಣ, ಚಪ್ಪಾಳೆಯ ಸದ್ದು, ಒಂದು ನಕ್ಷತ್ರ. ಮಕ್ಕಳ ಸಂಭ್ರಮಕ್ಕೆ ಪಾರವೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಷತ್ರ ಗಳಿಸಿದ ಬಾಲಕನನ್ನು ಹತ್ತಿರ ಕರೆದು, "ಉತ್ತರ 12 ಎಂದು ನಿನಗೆ ಹೇಗೆ ತಿಳಿಯಿತು, ಮಗೂ?" ಎಂದೆವು. "ಹಸಿರು ಬಂತಲ್ಲ ಫಾದರ್!" ಎಂದ. ನಾವೂ ನಕ್ಕೆವು. ಆದರೆ ಆ ಮಾತು ಇಂದಿಗೂ ನಮ್ಮನ್ನು ಕಾಡುತ್ತಿದೆ.

ಆಟದ ಮೂಲಕ ಕಲಿಸುವುದನ್ನು ನಾವು ವಿರೋಧಿಸುತ್ತಿಲ್ಲ. ಸೇಬುಗಳನ್ನೂ ಹೂಮಾಲೆಗಳನ್ನೂ ಹಂಚುವ ಆಟದಿಂದ ಈಜಿಪ್ಟಿನ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದರೆಂದು ಪ್ಲೇಟೋ ತನ್ನ 'ಲಾಸ್' ಗ್ರಂಥದಲ್ಲಿ ಮೆಚ್ಚಿ ಬರೆದಿದ್ದಾನೆ. ಸಂತ ಜಾನ್ ಬೋಸ್ಕೊ ಬಾಲಕನಾಗಿದ್ದಾಗಲೇ ಜಾತ್ರೆಯ ದೊಂಬರಾಟ, ಕೈಚಳಕಗಳನ್ನು ಕಲಿತು ನೆರೆಹೊರೆಯವರನ್ನು ಒಟ್ಟುಗೂಡಿಸುತ್ತಿದ್ದರು. ನಮ್ಮ ನಾಡಿನಲ್ಲಿಯೇ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಪದ್ಧತಿಯು ಹಾಡು, ಆಟ, ಕಾರ್ಡುಗಳ ಮೂಲಕ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮುನ್ನಡೆಯಲು ದಾರಿ ಮಾಡಿಕೊಟ್ಟಿತು.

ಹಾಗಾದರೆ ತೊಡಕು ಎಲ್ಲಿದೆ? ಸಾಧನ ಯಾವುದು, ಗುರಿ ಯಾವುದು ಎಂಬ ವಿವೇಕದಲ್ಲಿದೆ. ಕರಾವಳಿಯ ಚೆನ್ನೆಮಣೆಯನ್ನೇ ನೋಡಿರಿ. ಹದಿನಾಲ್ಕು ಗುಳಿಗಳು, ಗುಳಿಗೆ ನಾಲ್ಕರಂತೆ ಐವತ್ತಾರು ಕಾಳುಗಳು. ಕೈಯಲ್ಲಿರುವ ಕೊನೆಯ ಕಾಳು ಎಲ್ಲಿ ಬೀಳುವುದೆಂದು ಮುಂಚಿತವಾಗಿ ಎಣಿಸದವನು ಗೆಲ್ಲುವುದು ಕಷ್ಟ. ಅಲ್ಲಿ ಆಟವೇ ಲೆಕ್ಕ, ಲೆಕ್ಕವೇ ಆಟ. ನಾವು ಕಂಡ ಪರದೆಯ ಆಟದಲ್ಲಾದರೋ ನಕ್ಷತ್ರವು ಲೆಕ್ಕದ ಹೊರಗಿತ್ತು. ಊಹಿಸಿ ಮುಟ್ಟಿದವನಿಗೂ ಅದು ದೊರೆಯುತ್ತಿತ್ತು. ಬಹುಮಾನವೇ ಗುರಿಯಾದಾಗ ಅರಿವು ಅನಗತ್ಯವಾದ ಹೊರೆಯಾಗಿ ತೋರುತ್ತದೆ.

ತಂತ್ರಜ್ಞಾನವನ್ನು ದೂಷಿಸುವುದೂ ನ್ಯಾಯವಲ್ಲ. ಹೃದಯದಲ್ಲಿ ರಕ್ತ ಹರಿಯುವ ಬಗೆಯನ್ನು ಚಲಿಸುವ ಚಿತ್ರದಲ್ಲಿ ತೋರಿಸಿದಷ್ಟು ಸ್ಪಷ್ಟವಾಗಿ ಸೀಮೆಸುಣ್ಣದಿಂದ ತೋರಿಸಲಾಗದು. ದೃಷ್ಟಿಯಿಲ್ಲದ ಮಗುವಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರ ವರದಾನವೇ ಸರಿ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳ ಓದಿನ ಎಳೆಯನ್ನು ಮೊಬೈಲ್ ಫೋನೇ ಕಡಿಯದಂತೆ ಉಳಿಸಿತು. ಆದರೆ ಮನೆಗೊಂದೇ ಫೋನಿದ್ದು, ಅಣ್ಣನ ಪಾಠ ಮುಗಿಯಲೆಂದು ತಂಗಿ ಕಾದು ಕುಳಿತದ್ದನ್ನೂ ನಾವು ಮರೆಯುವಂತಿಲ್ಲ. ತಂತ್ರಜ್ಞಾನವು ಶಿಕ್ಷಕರೊಡನೆ ಮಗುವಿಗಿರುವ ಮುಖಾಮುಖಿ ಸಂಬಂಧಕ್ಕೆ ಪೂರಕವಾಗಬೇಕೇ ಹೊರತು ಬದಲಿಯಾಗಬಾರದೆಂದು ಯುನೆಸ್ಕೋದ 2023ರ ವರದಿಯೂ ಎಚ್ಚರಿಸಿದೆ.

ಅಂದು ಆ ತರಗತಿಯಲ್ಲಿ ಶಿಕ್ಷಕಿಯು ನಮ್ಮ ಸಂಭಾಷಣೆಯನ್ನು ಕೇಳಿಸಿಕೊಂಡರು. ಪರದೆಯನ್ನು ಆರಿಸಿ, ಬಾಲಕನ ಕೈಗೆ ಒಂದು ಹಿಡಿ ಹುಣಿಸೆಬೀಜ ಕೊಟ್ಟು, ಮೂರು ಮೂರರ ನಾಲ್ಕು ಗುಂಪು ಮಾಡೆಂದರು. ಆತ ಮಾಡಿದ, ಎಣಿಸಿದ, ಮತ್ತೊಮ್ಮೆ ಎಣಿಸಿದ. "ಓ!" ಎಂದು ತನ್ನಷ್ಟಕ್ಕೇ ಅಂದುಕೊಂಡ. ಚಪ್ಪಾಳೆಯಿರಲಿಲ್ಲ, ನಕ್ಷತ್ರವಿರಲಿಲ್ಲ. ಕಲಿಕೆ ನಡೆದದ್ದು ಆ ಕ್ಷಣದಲ್ಲಿ. ಅದನ್ನು ಸಾಧ್ಯವಾಗಿಸಿದ್ದು ಪರದೆಯನ್ನು ಯಾವಾಗ ಆರಿಸಬೇಕೆಂದು ಬಲ್ಲ ಒಬ್ಬ ಶಿಕ್ಷಕಿ.

ಆದುದರಿಂದ, ಪ್ರಿಯ ಪಾಲಕರೇ, ಮುಂದಿನ ಬಾರಿ ಶಾಲೆಗೆ ಹೋದಾಗ ಪರದೆ ಎಷ್ಟು ದೊಡ್ಡದೆಂದು ಕೇಳಬೇಡಿರಿ. ಅದರ ಬಳಿ ನಿಲ್ಲುವವರಿಗೆ ಎಂತಹ ತರಬೇತಿ, ಎಷ್ಟು ಸಂಬಳ ದೊರೆಯುತ್ತಿದೆ ಎಂದು ಕೇಳಿರಿ. ಸಂಜೆ ಮಗು ಮನೆಗೆ ಬಂದಾಗ ಎಷ್ಟು ನಕ್ಷತ್ರ ಬಂತೆಂಬುದನ್ನು ಬಿಟ್ಟು, "ಅದು ಹೇಗೆ? ನನಗೂ ತಿಳಿಸು" ಎನ್ನಿರಿ. ಅದನ್ನು ಕೇಳಲು ಯಾವ ಯಂತ್ರವೂ ಬೇಡ, ಶುಲ್ಕವೂ ಬೇಡ.