ನಾಸ್ತಿಕನ ಮಾತಿಗೆ ಬೆಲೆಯಿಲ್ಲವೇ?

ದೇವರನ್ನು ಒಪ್ಪದವನ ಮಾತು, ಆಣೆ, ಕರಾರು ಯಾವುದನ್ನೂ ನಂಬಲಾಗದು ಎಂದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1689ರಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ವಾದಿಸಿದ್ದರು. ಧರ್ಮಸಹಿಷ್ಣುತೆಯ ಪರವಾಗಿ ಬರೆದ ಪತ್ರದಲ್ಲೇ ನಾಸ್ತಿಕರನ್ನು ಹೊರಗಿಟ್ಟರು! ಅದೇ ವಾದ ಇಂದಿಗೂ ಕೇಳಿಬರುತ್ತದೆ. ಅದು ತಪ್ಪು.

ಚಾರ್ಲ್ಸ್ ಬ್ರ್ಯಾಡ್ಲಾ ಅವರನ್ನೇ ನೋಡಿ. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಬ್ರಿಟಿಷ್ ಸಂಸತ್ತಿಗೆ ಆರಿಸಿಬಂದ ಈ ನಾಸ್ತಿಕರು, ದೇವರ ಹೆಸರಿನ ಪ್ರಮಾಣದ ಬದಲು, ದೇವರ ಹೆಸರಿಲ್ಲದ ದೃಢವಚನಕ್ಕೆ ಅವಕಾಶ ಕೇಳಿದರು. ಆಣೆಗೆ ಬೆಲೆಯೇ ಕೊಡದವರಾಗಿದ್ದರೆ ಮೊದಲ ದಿನವೇ ಅದನ್ನು ಉಚ್ಚರಿಸಿ ಕುರ್ಚಿ ಹಿಡಿಯಬಹುದಿತ್ತು. ಸದನ ಒಪ್ಪಲಿಲ್ಲ, ಆಮೇಲೆ ಪ್ರಮಾಣವನ್ನೇ ಮಾಡುತ್ತೇನೆಂದರೂ ಬಿಡಲಿಲ್ಲ, ಒಂದು ರಾತ್ರಿ ಸೆರೆಯಲ್ಲೂ ಇಟ್ಟಿತು. ಮತದಾರರು ಮತ್ತೆ ಮತ್ತೆ ಗೆಲ್ಲಿಸಿದರು. 1886ರಲ್ಲಿ ಸ್ಥಾನ ಸಿಕ್ಕಿತು, 1888ರಲ್ಲಿ ದೃಢವಚನದ ಹಕ್ಕು ಕಾನೂನಾಯಿತು. ಭಾರತದ ಪರ ದನಿಯೆತ್ತಿದ ಅವರು 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. ಅವರ ಅಂತ್ಯಸಂಸ್ಕಾರಕ್ಕೆ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಹೋಗಿದ್ದರು.

ನಮ್ಮ ನೆರೆಯ ಆಂಧ್ರದ ನಾಸ್ತಿಕ ಸಮಾಜ ಸುಧಾರಕ ಗೋರಾ 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಜಾತಿಭೇದವಿಲ್ಲದ ಸಹಪಂಕ್ತಿ ಭೋಜನ ನಡೆಸಿದರು. ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಟ್ಟರು. ಅವರಿಗೆ ಸ್ವರ್ಗದ ಆಸೆಯಿರಲಿಲ್ಲ, ನರಕದ ಅಂಜಿಕೆಯೂ ಇರಲಿಲ್ಲ. ಆ ಯುವಕನ ಜನರನ್ನು ಶತಮಾನಗಳ ಕಾಲ ಊರಾಚೆ ಇಟ್ಟವರು ದೇವರಿಗೆ ಅಂಜುವವರೇ ಆಗಿದ್ದರಲ್ಲ, ಅದಕ್ಕೆ ಲಾಕ್ ವಾದದ ಬೆಂಬಲಿಗರು ಉತ್ತರ ಕೊಡಬೇಕು.