ಚಿತ್ರಪುಸ್ತಕವೂ ಎಳೆಯ ಮನಸ್ಸೂ

ಕಳೆದ ತಿಂಗಳು ನಮ್ಮ ಮನೆಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ವಾಚಕರಲ್ಲಿ ಅರಿಕೆಮಾಡಿಕೊಳ್ಳಬೇಕಾಗಿದೆ. ಆರು ವರ್ಷದ ನಮ್ಮ ಮೊಮ್ಮಗನು ಚಿತ್ರಪುಸ್ತಕವೊಂದನ್ನು ತಂದು ನಮ್ಮ ತೊಡೆಯ ಮೇಲೆ ಕುಳಿತನು. ಅದರಲ್ಲಿ ಗರಿಗಳ ಕಿರೀಟವನ್ನು ಧರಿಸಿದ ಗುಡ್ಡಗಾಡಿನವನೊಬ್ಬನ ವಿಕಾರವಾದ ಚಿತ್ರವಿದ್ದಿತು. ಮಗು ನಕ್ಕಿತು, ನಾವೂ ನಕ್ಕೆವು. ಮರುದಿನ ಅವನು, ನಮ್ಮ ಬೀದಿಗೆ ಹೊಸದಾಗಿ ಬಂದಿರುವ ಅಸ್ಸಾಮಿನ ಕುಟುಂಬದ ಬಾಲಕನನ್ನು “ಗರಿಮನುಷ್ಯ” ಎಂದು ಕೂಗಿ ಹಾಸ್ಯಮಾಡುತ್ತಿದ್ದುದನ್ನು ಕಂಡೆವು. ಮೂವತ್ತು ವರ್ಷ ಪಾಠ ಹೇಳಿದ ನಾವೇ ಆ ನಗೆಯನ್ನು ಕಲಿಸಿದ್ದೆವು.

ಮೊಮ್ಮಗನ ಕೈಹಿಡಿದು ಆ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಬಾಲಕನ ತಾಯಿಯು, “ನಾವು ಬಯಲುಸೀಮೆಯವರು, ಅಂತಹ ಗರಿಯನ್ನು ನನ್ನ ಮಗನು ಕಂಡೇ ಇಲ್ಲ” ಎಂದರು. ಆ ಬಳಿಕ ನಾವು ಮೊಮ್ಮಗನಿಗೆ, ನಾಗಾ ಜನರು ಹಬ್ಬಗಳಲ್ಲಿ ಮಂಗಟ್ಟೆ ಹಕ್ಕಿಯ ಗರಿಗಳನ್ನು ಗೌರವದಿಂದ ಧರಿಸುವರೆಂದೂ, ನಮ್ಮ ಯಕ್ಷಗಾನದ ಕಿರೀಟವನ್ನು ಕಂಡು ಪರರು ನಕ್ಕರೆ ನಮಗೆ ನೋವಾಗದೆ ಎಂದೂ ತಿಳಿಯಹೇಳಿದೆವು.

ಎಳೆಯರು ಅಕ್ಷರಕ್ಕಿಂತ ಮೊದಲೇ ಚಿತ್ರವನ್ನು ಓದುವರು. ಈ ಮರ್ಮವನ್ನರಿತೇ ಕೊಮೇನಿಯಸ್ ಎಂಬ ವಿದ್ವಾಂಸನು 1658ರಲ್ಲಿ ಮಕ್ಕಳಿಗಾಗಿ ಸಚಿತ್ರ ಪಾಠಪುಸ್ತಕವನ್ನು ಪ್ರಕಟಿಸಿದನು. ಆದರೆ ಕಲಿಸುವ ಚಿತ್ರವು ಕೆಡಿಸಲೂ ಬಲ್ಲುದು. ಭಾರತದಲ್ಲಿ ವಾಸವಾಗಿದ್ದ ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್ ಎಂಬ ಮಹಿಳೆಯು ರಚಿಸಿದ, ಹುಲಿಗಳು ಮರವನ್ನು ಸುತ್ತಿ ಸುತ್ತಿ ಕರಗಿ ತುಪ್ಪವಾಗುವ ಸೊಗಸಾದ ಕಥೆಯು 1899ರಲ್ಲಿ ಹೊರಬಂದಿತು. ಆದರೆ ಅದರ ನಾಯಕನಾದ ಬಾಲಕನಿಗಿಟ್ಟ ಹೆಸರೂ ಬರೆದ ಮುಖವೂ ಕಪ್ಪು ಜನರನ್ನು ಹೀಯಾಳಿಸುವಂತಿದ್ದುದರಿಂದ ಅನೇಕ ಮಕ್ಕಳ ಮನಸ್ಸು ನೊಂದಿತು. 1996ರಲ್ಲಿ ಫ್ರೆಡ್ ಮಾರ್ಸೆಲಿನೊ ಎಂಬ ಚಿತ್ರಕಾರನು ಬಾಲಕನಿಗೆ ಬಾಬಾಜಿ ಎಂದು ಹೆಸರಿಟ್ಟು ಹೊಸ ಚಿತ್ರಗಳನ್ನು ಬರೆದನು. ಕಥೆ ಬಹುಮಟ್ಟಿಗೆ ಅದೇ. ಅವಮಾನ ಮಾತ್ರ ಮಾಯವಾಯಿತು.

ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪೀಟರ್ ಎಂಬ ಕಪ್ಪು ಬಾಲಕನು ಹಿಮದಲ್ಲಿ ಆಡುವನು, ಅಷ್ಟೆ. ಅವನ ಬಣ್ಣದ ಮಾತೇ ಅಲ್ಲಿಲ್ಲ. ಪರರ ಮಗುವೂ ಮೊದಲು ಮಗುವೇ ಎಂಬ ಪಾಠವನ್ನು ಉಪದೇಶವಿಲ್ಲದೆ ಕಲಿಸಿದ ಆ ಪುಸ್ತಕಕ್ಕೆ ಮರುವರ್ಷ ಕಾಲ್ಡಿಕಾಟ್ ಪದಕವು ದೊರೆಯಿತು.

ತಾಯಂದಿರಲ್ಲಿ ನಮ್ಮ ಬಿನ್ನಹವಿಷ್ಟೆ. ಪುಸ್ತಕವನ್ನು ಕೊಳ್ಳುವ ಮುನ್ನ, ಚಿತ್ರದಲ್ಲಿರುವವರೇ ಪಕ್ಕದಲ್ಲಿ ಕುಳಿತಿರುವರೆಂದು ಭಾವಿಸಿ ಹಾಳೆಗಳನ್ನು ತಿರುವಿರಿ. ಹಬ್ಬದ ಉಡುಪಿನವರನ್ನು ಮಾತ್ರವಲ್ಲ, ಅಡುಗೆಮಾಡುವ, ಶಾಲೆಗೆ ಹೋಗುವ, ಜ್ವರದಲ್ಲಿ ಮಲಗಿದ ಅನ್ಯಪ್ರಾಂತದವರನ್ನೂ ತೋರಿಸುವ ಪುಸ್ತಕವನ್ನು ಆರಿಸಿರಿ. ಮಗು ನಕ್ಕರೆ ಗದರಿಸದೆ, “ಅವರು ಹೀಗೇಕೆ ಮಾಡುವರು?” ಎಂದು ಕೇಳಿರಿ, ಉತ್ತರವು ತಿಳಿಯದಿದ್ದರೆ ಮಗುವಿನೊಡನೆ ತಾವೂ ಹುಡುಕಿರಿ.

ಈಗ ಸಂಜೆಯ ವೇಳೆ ನಮ್ಮ ಜಗಲಿಯ ಮೇಲೆ ಇಬ್ಬರು ಬಾಲಕರು ಒಂದೇ ಪುಸ್ತಕವನ್ನು ನೋಡುವರು. ಹಾಳೆಯನ್ನು ಯಾರು ತಿರುವಬೇಕೆಂಬುದಕ್ಕೆ ಮಾತ್ರ ಜಗಳವಿರುವುದು.