ಪೀಠ ಖಾಲಿಯಾದರೆ ಸಾಲದು

ಪ್ರತಿಮೆಗಳನ್ನು ಕೆಡವುವುದೆಂದರೆ ಇತಿಹಾಸದ ಬಗ್ಗೆ ಸುಳ್ಳು ಹೇಳಿದಂತೆ ಎಂದು ಬ್ರಿಟನ್ನಿನ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ 2020ರ ಜೂನ್‌ನಲ್ಲಿ ವಾದಿಸಿದರು. ಅದಕ್ಕೆ ಕೆಲವೇ ದಿನ ಮೊದಲು, ಜೂನ್ 7ರಂದು, ಬ್ರಿಸ್ಟಲ್‌ನಲ್ಲಿ ಪ್ರತಿಭಟನಕಾರರು ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಕಂಚಿನ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿ, ಬಂದರಿನ ನೀರಿಗೆ ತಳ್ಳಿದ್ದರು. ಜಾನ್ಸನ್ ಮಾತು ಅನೇಕರಿಗೆ ಹಿಡಿಸಿತು. ಆದರೆ ಬ್ರಿಸ್ಟಲ್‌ನ ಮಟ್ಟಿಗೆ, 125 ವರ್ಷ ಸುಳ್ಳು ಹೇಳುತ್ತಾ ನಿಂತಿದ್ದು ಆ ಪ್ರತಿಮೆಯೇ.

ಕೋಲ್‌ಸ್ಟನ್ ಸತ್ತದ್ದು 1721ರಲ್ಲಿ. ಪ್ರತಿಮೆ ಎದ್ದದ್ದು 1895ರಲ್ಲಿ. ಅಷ್ಟರಲ್ಲಿ ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿ ಎಂಬತ್ತೆಂಟು ವರ್ಷಗಳಾಗಿದ್ದವು. ಅವನು ಪಾಲುದಾರನೂ ಅಧಿಕಾರಿಯೂ ಆಗಿದ್ದ ಅವಧಿಯಲ್ಲಿ ರಾಯಲ್ ಆಫ್ರಿಕನ್ ಕಂಪನಿ ಸುಮಾರು 84,000 ಆಫ್ರಿಕನ್ನರನ್ನು ಹಡಗಿಗೆ ತುಂಬಿ ಸಾಗಿಸಿತು. ಅವರಲ್ಲಿ ಸುಮಾರು 19,000 ಜನ ದಾರಿಯಲ್ಲೇ ಸತ್ತರು. ಇಷ್ಟೆಲ್ಲ ಇದ್ದೂ ಪೀಠದ ಫಲಕ ಅವನನ್ನು ನಗರದ ಸದ್ಗುಣಿ, ವಿವೇಕಿ ಸುಪುತ್ರನೆಂದು ಕೊಂಡಾಡಿ ಸುಮ್ಮನಾಯಿತು.

ಅವನು ಶಾಲೆ ಕಟ್ಟಿಸಿದ, ನಿರ್ಗತಿಕರಿಗೆ ಆಶ್ರಯ ಕೊಟ್ಟ ಎನ್ನುವವರ ಮಾತು ಸುಳ್ಳಲ್ಲ. ಆ ದಾನದಿಂದ ಓದಿದವರು ತಲೆಮಾರುಗಟ್ಟಲೆ ಇದ್ದಾರೆ. ಆದರೆ ಆ ಹಣದ ಒಂದು ಮೂಲ ಸರಪಳಿ ಬಿಗಿದ ಮನುಷ್ಯರ ಮಾರಾಟ ಎಂಬುದನ್ನು ಮುಚ್ಚಿಟ್ಟು ದಾನವನ್ನಷ್ಟೇ ಕೆತ್ತಿಸಿದಾಗ, ಲೆಕ್ಕದ ಅರ್ಧ ಪುಟ ಹರಿದು ಹಾಕಿದಂತಾಯಿತು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ. ಯಾರ ಪ್ರತಿಮೆ ಉಳಿಯಬೇಕು ಎಂಬುದನ್ನು ಗುಂಪು ತೀರ್ಮಾನಿಸಬಾರದು, ಚುನಾಯಿತ ಮಂಡಳಿ ತೀರ್ಮಾನಿಸಬೇಕು. ತತ್ವವಾಗಿ ಇದನ್ನು ಒಪ್ಪಲೇಬೇಕು. ಇಂದು ಬ್ರಿಸ್ಟಲ್‌ನಲ್ಲಿ ಬಿಗಿದ ಹಗ್ಗವನ್ನು ನಾಳೆ ಇನ್ನೊಂದು ಗುಂಪು ಇನ್ನೊಂದು ಊರಿನಲ್ಲಿ ಬಿಗಿಯಬಹುದು. ಆದರೆ ಬ್ರಿಸ್ಟಲ್ ಆ ದಾರಿಯನ್ನೂ ತುಳಿದು ನೋಡಿತ್ತು. ವರ್ಷಗಳ ಕಾಲ ಮನವಿಗಳು ಹೋದವು. 2018ರಲ್ಲಿ, ಪ್ರತಿಮೆ ಇದ್ದಲ್ಲೇ ಇರಲಿ, ಗುಲಾಮರ ವ್ಯಾಪಾರದ ಸಂಗತಿ ಹೇಳುವ ಎರಡನೆಯ ಫಲಕ ಸೇರಲಿ ಎಂಬ ಪ್ರಸ್ತಾವ ಬಂತು. ಅದರ ಒಂದೊಂದು ಪದಕ್ಕೂ ಜಗಳವಾಯಿತು. ಗುಲಾಮರಾಗಿ ಸಾಗಿಸಲ್ಪಟ್ಟ ಮಕ್ಕಳ ಪ್ರಸ್ತಾಪ ಬೇಡ ಎಂದರು, ಕೋಲ್‌ಸ್ಟನ್‌ನ ಪಾತ್ರವನ್ನು ಮೆದುಗೊಳಿಸಿ ಎಂದರು. ತಿದ್ದಿ ತಿದ್ದಿ ಸಿದ್ಧವಾದ ಫಲಕದ ಒಕ್ಕಣೆ ಒಪ್ಪುವಂತಿಲ್ಲವೆಂದು 2019ರಲ್ಲಿ ಮೇಯರ್ ಮಾರ್ವಿನ್ ರೀಸ್ ಅದನ್ನು ತಡೆದರು. ನಾಲ್ಕು ಸಾಲು ಸತ್ಯ ಬರೆಸಲಾಗದ ವ್ಯವಸ್ಥೆ, ಒಂದೇ ಮಧ್ಯಾಹ್ನದಲ್ಲಿ ತಾಳ್ಮೆ ಕಳೆದುಕೊಂಡವರಿಗೆ ತಾಳ್ಮೆಯ ಪಾಠ ಹೇಳುವ ಅರ್ಹತೆ ಉಳಿಸಿಕೊಂಡಿರಲಿಲ್ಲ.

ಪ್ರತಿಮೆ ಹೋದರೆ ಇತಿಹಾಸ ಅಳಿಯುತ್ತದೆ ಎಂಬ ವಾದಕ್ಕೆ ಎಂ ಶೆಡ್ ವಸ್ತುಸಂಗ್ರಹಾಲಯವೇ ಉತ್ತರ. ನೀರಿನಿಂದ ಎತ್ತಿದ ಪ್ರತಿಮೆಯ ಕೆಸರನ್ನು ಸಿಬ್ಬಂದಿ ತೊಳೆದರು, ಪ್ರತಿಭಟನಕಾರರು ಬಳಿದ ಬಣ್ಣವನ್ನು ಹಾಗೇ ಬಿಟ್ಟರು. ಒಳಗೆ 1895ರ ಒಂದು ಪತ್ರಿಕೆ ಸಿಕ್ಕಿತು; ಪ್ರತಿಮೆ ನಿಲ್ಲಿಸಿದ ಕೆಲಸಗಾರರ ಹೆಸರುಗಳು ಅದರ ಮೇಲೆ ಕೈಬರಹದಲ್ಲಿದ್ದವು. ಬೀದಿಯಲ್ಲಿ ನಿಂತಷ್ಟು ಕಾಲವೂ ಯಾರಿಗೂ ತಿಳಿಯದ ಈ ವಿವರ ಬೆಳಕಿಗೆ ಬಂದದ್ದು ಅದು ಬಿದ್ದ ಮೇಲೆ. ಪ್ರತಿಮೆಯನ್ನು ಏನು ಮಾಡಬೇಕೆಂದು ಕೇಳಿದಾಗ ಉತ್ತರಿಸಿದ ಸುಮಾರು 14,000 ಜನರಲ್ಲಿ ಬಹುಪಾಲು ಮಂದಿ ವಸ್ತುಸಂಗ್ರಹಾಲಯವನ್ನೇ ಆರಿಸಿದರು.

ಇಷ್ಟಕ್ಕೇ ಸಂತೋಷಪಟ್ಟು ಕೂತರೆ ಅದು ಇನ್ನೊಂದು ಮೋಸ. ಕಂಚು ಕೆಳಗಿಳಿದರೆ ಕಾನೂನು ತಾನಾಗಿ ಬದಲಾಗುವುದಿಲ್ಲ. ಇದೇ ಬ್ರಿಸ್ಟಲ್‌ನಲ್ಲಿ 1963ರಲ್ಲಿ ಬಸ್ ಕಂಪನಿ ಕಪ್ಪು ಮತ್ತು ಏಷ್ಯನ್ ಜನರನ್ನು ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಪಾಲ್ ಸ್ಟೀಫನ್‌ಸನ್ ಮತ್ತು ಸಂಗಡಿಗರು ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ನಾಲ್ಕು ತಿಂಗಳಲ್ಲಿ ಕಂಪನಿ ಮಣಿಯಿತು. ರಘ್ಬೀರ್ ಸಿಂಗ್ ಎಂಬ ಸಿಖ್ಖರು ಅಲ್ಲಿನ ಮೊದಲ ಬಿಳಿಯೇತರ ಕಂಡಕ್ಟರ್ ಆದರು. ಜನಾಂಗ ಸಂಬಂಧಗಳ ಕಾಯ್ದೆ ಬಂದದ್ದು 1965ರಲ್ಲಿ. ಅದು ಉದ್ಯೋಗಕ್ಕೂ ಬಾಡಿಗೆ ಮನೆಗೂ ಅನ್ವಯವಾಗಲು 1968ರವರೆಗೆ ಕಾಯಬೇಕಾಯಿತು. ಸುಧಾರಣೆ ಎಂದರೆ ಇಂಥ ಕೆಲಸ.

ಸರ್ಕಾರಕ್ಕೆ ಸ್ಮಾರಕ ಸುಲಭ, ಸುಧಾರಣೆ ಕಷ್ಟ. 2022ರ ಏಪ್ರಿಲ್‌ನಲ್ಲಿ ಕಾನೂನಾದ ಪೊಲೀಸ್ ಕಾಯ್ದೆ, ಸ್ಮಾರಕಕ್ಕೆ ಆದ ಹಾನಿ ಅಲ್ಪವಾಗಿದ್ದರೂ 10 ವರ್ಷದವರೆಗೆ ಜೈಲು ವಿಧಿಸುವ ಅವಕಾಶ ಕೊಟ್ಟಿತು. ಅದೇ ವರ್ಷದ ಜೂನ್ 22ರಂದು ಲಂಡನ್ನಿನ ವಾಟರ್‌ಲೂ ನಿಲ್ದಾಣದಲ್ಲಿ ವಿಂಡ್ರಷ್ ಸ್ಮಾರಕ ಅನಾವರಣಗೊಂಡಿತು. ಕೆರಿಬಿಯನ್ ದ್ವೀಪಗಳಿಂದ ಬಂದು ದಶಕಗಳ ಕಾಲ ದುಡಿದು, ಕಾಗದಪತ್ರ ಇಲ್ಲವೆಂಬ ಕಾರಣಕ್ಕೆ ಕೆಲಸ, ಚಿಕಿತ್ಸೆ, ಕೆಲವೊಮ್ಮೆ ದೇಶವನ್ನೇ ಕಳೆದುಕೊಂಡ ಜನರ ಹೆಸರಿನ ಸ್ಮಾರಕ ಅದು. ಆ ಅನ್ಯಾಯದ ತನಿಖೆ ನಡೆಸಿದ ವೆಂಡಿ ವಿಲಿಯಮ್ಸ್ 30 ಶಿಫಾರಸು ಮಾಡಿದ್ದರು. ಎಲ್ಲವನ್ನೂ ಒಪ್ಪಿದ್ದ ಗೃಹ ಇಲಾಖೆ, ಸ್ಮಾರಕಕ್ಕೆ ಒಂದು ವರ್ಷ ತುಂಬುವ ಮುನ್ನವೇ, 2023ರ ಜನವರಿಯಲ್ಲಿ, ಅವುಗಳಲ್ಲಿ ಮೂರನ್ನು ಕೈಬಿಟ್ಟಿತು. ವಲಸಿಗರ ಪರವಾಗಿ ದನಿಯೆತ್ತುವ ಆಯುಕ್ತರ ನೇಮಕವೂ ಆ ಮೂರರಲ್ಲೊಂದು. ಪರಿಹಾರಕ್ಕೆ ಅರ್ಜಿ ಹಾಕಿದ ಕೆಲವರು ಕಾಯುತ್ತಲೇ ಸತ್ತರು.

1833ರಲ್ಲಿ ಇದೇ ಪಾರ್ಲಿಮೆಂಟು ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತ್ತು. ಬಿಡುಗಡೆಯಾದವರಿಗೆ ಬಿಡಿಗಾಸೂ ಸಿಗಲಿಲ್ಲ. ಆ ಪರಿಹಾರಕ್ಕಾಗಿ ಮಾಡಿದ ಸಾಲದ ಕೊನೆಯ ಕಂತನ್ನು ಬ್ರಿಟನ್ ತೀರಿಸಿದ್ದು 2015ರಲ್ಲಿ. ಅಷ್ಟು ಕಾಲ ತೆರಿಗೆ ಕಟ್ಟಿದವರಲ್ಲಿ ವಿಂಡ್ರಷ್ ತಲೆಮಾರಿನವರೂ ಇದ್ದರು. ಅವರ ಅರ್ಜಿಗಳು ಅವರು ಬದುಕಿರುವಾಗಲೇ ಇತ್ಯರ್ಥವಾಗಬೇಕು, ಕೈಬಿಟ್ಟ ಆ ಮೂರು ಶಿಫಾರಸುಗಳಿಗೆ ಕಾನೂನಿನ ಬಲ ಸಿಗಬೇಕು.